ಅವನೇ ಇವನು

1966ರ ಅಕ್ಟೋಬರ್ 29ರ ಶನಿವಾರ ಸಂಜೆ ಬ್ರಿಟನ್ನಿನ ಮನೆಗಳ ಕಪ್ಪು-ಬಿಳುಪು ಟಿವಿಯಲ್ಲಿ ಮುದುಕನೊಬ್ಬ ಕುಸಿದು ನೆಲಕ್ಕೆ ಬಿದ್ದ. ಮುಖದ ಮೇಲೆ ಬೆಳಕು ಏರುತ್ತ ಏರುತ್ತ ಇಡೀ ಪರದೆ ಬೆಳ್ಳಗಾಯಿತು. ಬೆಳಕು ಇಳಿದಾಗ ಅಲ್ಲಿ ಮಲಗಿದ್ದವನು ಬೇರೆಯೇ ಮನುಷ್ಯ. ಮೂಗು ಬೇರೆ, ಕೂದಲು ಬೇರೆ, ವಯಸ್ಸು ಬೇರೆ. ಮೂರು ವರ್ಷದಿಂದ ಮಕ್ಕಳು ಕಾದು ಕುಳಿತು ನೋಡುತ್ತಿದ್ದ ಮುಖ ಹೋಗಿಯೇ ಹೋಯಿತು. ಆದರೂ ಕಥೆ ಪಟ್ಟು ಹಿಡಿದು ಹೇಳಿತು: ಇವನು ಅವನೇ.

ಆ ಧಾರಾವಾಹಿಯ ಹೆಸರು ‘ಡಾಕ್ಟರ್ ಹೂ’. ಬಿಬಿಸಿ ಅದನ್ನು ಶುರು ಮಾಡಿದ್ದು 1963ರ ನವೆಂಬರ್ 23ರಂದು, ಅಮೆರಿಕದ ಅಧ್ಯಕ್ಷ ಕೆನೆಡಿಯ ಹತ್ಯೆಯಾದ ಮರುದಿನ. ಹೊರಗಿನಿಂದ ನೀಲಿ ಪೊಲೀಸ್ ಪೆಟ್ಟಿಗೆಯಂತೆ ಕಾಣುವ, ಒಳಗೆ ಹೋದರೆ ಅರಮನೆಯಷ್ಟು ವಿಶಾಲವಾದ ಯಂತ್ರದಲ್ಲಿ ಕಾಲದೇಶಗಳನ್ನು ದಾಟಿ ಅಲೆಯುವ ಅನ್ಯಗ್ರಹದವನ ಕಥೆ ಅದು. ಅವನ ನಿಜವಾದ ಹೆಸರನ್ನು ಕಥೆ ಹೇಳುವುದಿಲ್ಲ, ಎಲ್ಲರೂ ಡಾಕ್ಟರ್ ಎನ್ನುತ್ತಾರೆ. ಮೊದಲ ಕಥೆಯನ್ನು ನಿರ್ದೇಶಿಸಿದವರು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್, ಕಾದಂಬರಿಕಾರ್ತಿ ಅತಿಯಾ ಹುಸೇನರ ಮಗ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್. ಮೊದಲ ಡಾಕ್ಟರ್ ಪಾತ್ರ ಮಾಡಿದ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಮೂರು ವರ್ಷದಲ್ಲಿ ಕೆಟ್ಟಿತು. ಜನ ಬಿಡುವಂತಿರಲಿಲ್ಲ, ನಟರು ಮುಂದುವರಿಯುವಂತಿರಲಿಲ್ಲ. ಬೇರೆ ನಟರನ್ನು ತಂದು ಏನೂ ಆಗಿಲ್ಲವೆಂಬಂತೆ ನಡೆಸಿಕೊಂಡು ಹೋಗಬಹುದಿತ್ತು. ಹಾಗೆ ಮಾಡದೆ, ಬದಲಾವಣೆಯನ್ನೇ ಕಥೆಯೊಳಕ್ಕೆ ತಂದರು. ದೇಹ ಸವೆದಾಗ ಡಾಕ್ಟರ್ ಹೊಸ ದೇಹ ತಳೆಯುತ್ತಾನೆ ಎಂದರು. ಹಾರ್ಟ್‌ನೆಲ್ ಹೋಗಿ ಪ್ಯಾಟ್ರಿಕ್ ಟ್ರೌಟನ್ ಬಂದರು. ಅಂದಿನಿಂದ ಈ ಧಾರಾವಾಹಿಯನ್ನು ಪ್ರೀತಿಸುವವರೆಲ್ಲರ ಮುಂದೆ ಒಂದು ಪ್ರಶ್ನೆ ನಿಂತಿದೆ. ಎಲ್ಲ ಬದಲಾದ ಮೇಲೂ ಒಬ್ಬನನ್ನು ಅವನೇ ಎನ್ನುವುದು ಯಾವ ಆಧಾರದ ಮೇಲೆ?

ಈ ಪ್ರಶ್ನೆಯನ್ನು ನಾನು ಮೊದಲು ಎದುರಿಸಿದ್ದು ಮೈಸೂರಿನ ಮಾನಸಗಂಗೋತ್ರಿಯ ತತ್ತ್ವಶಾಸ್ತ್ರ ತರಗತಿಯಲ್ಲಿ. ಮದುವೆಯಾಗಿ ವೇಲ್ಸ್‌ನ ಕಾರ್ಡಿಫ್‌ಗೆ ಬಂದು ಇಲ್ಲಿನ ಗ್ರಂಥಾಲಯವೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅದೇ ಪ್ರಶ್ನೆ ಇನ್ನೊಂದು ವೇಷದಲ್ಲಿ ಎದುರಾಯಿತು. 2005ರಿಂದ ಈ ಧಾರಾವಾಹಿ ತಯಾರಾಗುತ್ತಿರುವುದು ಕಾರ್ಡಿಫ್‌ನಲ್ಲೇ. ಊರಿನ ಬೀದಿಗಳು ಲಂಡನ್ ಆಗಿ, ಭವಿಷ್ಯದ ನಗರವಾಗಿ ಟಿವಿಯಲ್ಲಿ ಕಾಣಿಸುತ್ತವೆ. ನಮ್ಮ ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಅಭಿಮಾನಿಗಳ ಒಂದು ಗುಂಪು ಸೇರುತ್ತದೆ. ಬಸ್ ಓಡಿಸುವವರು, ಆಸ್ಪತ್ರೆಯ ನರ್ಸು, ಕಾಲೇಜಿನ ಹುಡುಗರು, ನಿವೃತ್ತ ರೈಲ್ವೆ ನೌಕರರೊಬ್ಬರು. ಕೋಣೆಯ ಬೀಗ ತೆಗೆಯುವುದಕ್ಕೆಂದು ಹೋಗುತ್ತಿದ್ದ ನಾನು ಕುಳಿತು ಕೇಳತೊಡಗಿದೆ. ಅವರ ಮಾತಿನಲ್ಲಿ ನನಗೆ ಕೇಳಿಸಿದ್ದು ಬರೀ ಟಿವಿ ಕಾರ್ಯಕ್ರಮದ ಹರಟೆಯಲ್ಲ. ಬೌದ್ಧ ನಾಗಸೇನನೂ ನ್ಯಾಯದರ್ಶನದ ಉದಯನನೂ ಜೈನ ಸಮಂತಭದ್ರನೂ ತಲೆ ಕೆಡಿಸಿಕೊಂಡ ವಿಷಯವನ್ನು ಇವರು ಪ್ರತಿ ತಿಂಗಳೂ ಚಹಾ ಕುಡಿಯುತ್ತ ಚರ್ಚಿಸುತ್ತಿದ್ದರು.

ಟ್ರೌಟನ್ ಅವರ ಮೊದಲ ಕಥೆ ‘ದ ಪವರ್ ಆಫ್ ದ ಡಾಲೆಕ್ಸ್’ ಇಡೀ ಚರ್ಚೆಗೆ ಮೂಲ. ಹಳೆಯ ಡಾಕ್ಟರ್ ಜೊತೆ ಪಯಣಿಸಿದ್ದ ಇಬ್ಬರು, ಬೆನ್ ಮತ್ತು ಪಾಲಿ, ಎದ್ದು ಕುಳಿತ ಈ ಅಪರಿಚಿತನನ್ನು ನೋಡುತ್ತಾರೆ. ಪಾಲಿಗೆ ಇವನೇ ಅವನೆಂದು ಮನಸ್ಸು ಹೇಳುತ್ತದೆ. ಬೆನ್ ಒಪ್ಪುವುದಿಲ್ಲ. ಹಳೆಯ ಡಾಕ್ಟರ್ ಬೆರಳಲ್ಲಿ ಸದಾ ಇರುತ್ತಿದ್ದ ದೊಡ್ಡ ಉಂಗುರವನ್ನು ಪರೀಕ್ಷೆಗೆ ಒಡ್ಡುತ್ತಾನೆ. ಹೊಸಬನ ಬೆರಳಿಗೆ ಅದು ದೊಡ್ಡದಾಗಿ ಜಾರುತ್ತದೆ. ಕನ್ನಡಿ ನೋಡಿಕೊಂಡರೆ ಒಂದು ಕ್ಷಣ ಹಳೆಯ ಮುಖ ಮೂಡಿ ಮರೆಯಾಗುತ್ತದೆ. ಹೊಸಬನಾದರೂ ನಾನೇ ಡಾಕ್ಟರ್ ಎಂದು ಎದೆ ತಟ್ಟಿ ಹೇಳುತ್ತಾನೆಯೇ? ಇಲ್ಲ. ಡಾಕ್ಟರ್ ಎಂಬುವನು ಬೇರೆ ಯಾರೋ ಎಂಬಂತೆ ಮಾತಾಡುತ್ತಾನೆ. ಒತ್ತಾಯ ಮಾಡಿದರೆ ಕೊಳಲು ತೆಗೆದು ಊದುತ್ತಾನೆ. ಅವನನ್ನು ಅನುಮಾನವಿಲ್ಲದೆ ಗುರುತಿಸುವುದು ಶತ್ರು. ಲೋಹದ ಕವಚದೊಳಗಿನ ಡಾಲೆಕ್ ಹೊಸ ಮುಖವನ್ನು ಕಂಡ ಕೂಡಲೇ ಇವನಾರೆಂದು ತಿಳಿದುಕೊಳ್ಳುತ್ತದೆ.

ಈ ದೃಶ್ಯವನ್ನು ಬೇರೆ ಬೇರೆ ದರ್ಶನಗಳ ಮುಂದಿಟ್ಟು ನೋಡಿದರೆ ಒಂದೊಂದೂ ಒಂದೊಂದು ಉತ್ತರ ಕೊಡುತ್ತದೆ. ಇಂಗ್ಲೆಂಡಿನ ಜಾನ್ ಲಾಕ್ 17ನೆಯ ಶತಮಾನದಲ್ಲಿ ಹೇಳಿದ್ದು, ನೆನಪು ಎಲ್ಲಿಯವರೆಗೆ ಹಿಂದಕ್ಕೆ ಚಾಚುತ್ತದೋ ಅಲ್ಲಿಯವರೆಗೆ ಆ ವ್ಯಕ್ತಿ. ದೊರೆಯ ನೆನಪೆಲ್ಲ ಚಮ್ಮಾರನ ದೇಹಕ್ಕೆ ಬಂದರೆ ಅವನು ದೊರೆಯೇ. ಆದರೆ ಡಾಕ್ಟರ್ ಎಷ್ಟೋ ಸಲ ಮರೆತಿದ್ದಾನೆ. 1996ರ ಟಿವಿ ಚಿತ್ರದಲ್ಲಂತೂ ಹೊಸ ದೇಹದಲ್ಲಿ ಕಣ್ಣು ಬಿಟ್ಟವನಿಗೆ ತಾನು ಯಾರೆಂಬುದೇ ಗೊತ್ತಿರುವುದಿಲ್ಲ. ಆ ಹೊತ್ತಿನಲ್ಲೂ ನೋಡುವವರಿಗೆ ಅವನು ಡಾಕ್ಟರೇ.

ಬೌದ್ಧ ನಾಗಸೇನನು ದೊರೆ ಮಿಲಿಂದನಿಗೆ ಕೊಟ್ಟ ಉತ್ತರ ಇನ್ನೂ ಸೂಕ್ಷ್ಮ. ರಾತ್ರಿಯ ಮೊದಲ ಜಾವದ ಜ್ವಾಲೆ, ಕೊನೆಯ ಜಾವದ ಜ್ವಾಲೆ ಎರಡೂ ಒಂದೇ ಅಲ್ಲ, ಬೇರೆಯೂ ಅಲ್ಲ. ಒಂದನ್ನು ಆಶ್ರಯಿಸಿ ಇನ್ನೊಂದು ಹುಟ್ಟುತ್ತ ಹೋಗುವ ಧಾರೆ ಮಾತ್ರ ಉಂಟು. ನೈಯಾಯಿಕರು ಇದನ್ನು ಒಪ್ಪಲಿಲ್ಲ. ನಿನ್ನೆ ಕಣ್ಣಿನಿಂದ ಕಂಡದ್ದನ್ನೇ ಇಂದು ಕೈಯಿಂದ ಮುಟ್ಟುತ್ತಿದ್ದೇನೆ ಎನ್ನಬೇಕಾದರೆ ಕಂಡವನೂ ಮುಟ್ಟಿದವನೂ ಒಬ್ಬನೇ ಇರಬೇಕಲ್ಲ ಎಂದರು. ಈ ‘ಅದೇ ಇದು’ ಎಂಬ ಅರಿವಿಗೆ ಪ್ರತ್ಯಭಿಜ್ಞೆ ಎಂದು ಹೆಸರು. ಬೌದ್ಧರು ಅದಕ್ಕೂ ಪ್ರತ್ಯುತ್ತರ ಕೊಟ್ಟರು: ಕತ್ತರಿಸಿದ ಮೇಲೆ ಮತ್ತೆ ಬೆಳೆದ ಉಗುರನ್ನು, ಕೂದಲನ್ನು ಅದೇ ಎನ್ನುತ್ತೇವೆ, ಅದು ಬರೀ ಹೋಲಿಕೆಯಿಂದ ಆಗುವ ಭ್ರಮೆ. ಅದ್ವೈತಿಗಳಿಗೆ ಪ್ರಿಯವಾದ ಉದಾಹರಣೆ ದೇವದತ್ತನದು. ಅಂದು ಅಲ್ಲಿ ಕಂಡ ದೇವದತ್ತನೇ ಇಂದು ಇಲ್ಲಿ ನಿಂತಿದ್ದಾನೆ ಎನ್ನುವಾಗ ಅಂದು-ಇಂದು, ಅಲ್ಲಿ-ಇಲ್ಲಿ ಎಂಬ ವಿರೋಧಗಳನ್ನು ಕಳಚಿ ಉಳಿದದ್ದನ್ನು ಹಿಡಿಯುತ್ತೇವೆ.

ನನಗೆ ಎಲ್ಲಕ್ಕಿಂತ ಹತ್ತಿರವಾಗಿ ಕಂಡದ್ದು ಜೈನರ ದೃಷ್ಟಿ. ಪ್ರತಿಯೊಂದರಲ್ಲೂ ಹುಟ್ಟು, ಅಳಿವು, ಉಳಿವು ಮೂರೂ ಒಟ್ಟಿಗೇ ಇವೆ ಎನ್ನುತ್ತದೆ ಅದು. ಆಚಾರ್ಯ ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಇದಕ್ಕೆ ಚಿನ್ನದ ಕೊಡದ ದೃಷ್ಟಾಂತ ಕೊಡುತ್ತಾರೆ. ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕೆಂದಿದ್ದವನು ದುಃಖಪಡುತ್ತಾನೆ, ಕಿರೀಟ ಬೇಕೆಂದಿದ್ದವನು ಹಿಗ್ಗುತ್ತಾನೆ, ಚಿನ್ನ ಬೇಕೆಂದಿದ್ದವನು ಸಮಚಿತ್ತದಿಂದ ಇರುತ್ತಾನೆ. ಒಬ್ಬ ನಟ ಹೋಗಿ ಇನ್ನೊಬ್ಬ ಬರುವ ರಾತ್ರಿ ಅಭಿಮಾನಿಗಳ ನಡುವೆ ಕುಳಿತರೆ ಈ ಮೂರೂ ಭಾವಗಳನ್ನು ಒಂದೇ ಮುಖದಲ್ಲಿ ಕಾಣಬಹುದು. 2010ರ ಹೊಸ ವರ್ಷದ ದಿನ ಡೇವಿಡ್ ಟೆನೆಂಟ್ ಹೋಗಿ ಮ್ಯಾಟ್ ಸ್ಮಿತ್ ಬಂದರು. ಅದನ್ನು ನಮ್ಮ ಗುಂಪಿನಲ್ಲಿ ಮತ್ತೆ ಹಾಕಿ ನೋಡಿದಾಗ ನರ್ಸ್ ಕಣ್ಣೊರೆಸಿಕೊಳ್ಳುತ್ತಲೇ ನಗುತ್ತಿದ್ದಳು. ಅಳು ಹೋದವನಿಗೆ, ನಗು ಬಂದವನಿಗೆ. ಅವಳನ್ನು ಅಲ್ಲಿ ಕೂರಿಸಿದ್ದು ಚಿನ್ನ.

ಆದರೆ ಈ ದರ್ಶನಗಳ ದೃಷ್ಟಾಂತಗಳಲ್ಲೆಲ್ಲ ಒಬ್ಬರು ಸದ್ದಿಲ್ಲದೆ ನಿಂತಿರುತ್ತಾರೆ. ದೇವದತ್ತ ತಾನೇ ಬಂದು ನಾನು ಅವನೇ ಎನ್ನುವುದಿಲ್ಲ. ದಾರಿಯಲ್ಲಿ ಅವನನ್ನು ಕಂಡವರು ಹೇಳುತ್ತಾರೆ. ಕೊಡ ಕಿರೀಟವಾದದ್ದನ್ನು ಪಕ್ಕದಲ್ಲಿ ನಿಂತವರು ನೋಡುತ್ತಾರೆ. ಆ ನೋಡುವವರ ಪಾಲೆಷ್ಟು? ಈ ಪ್ರಶ್ನೆಗೆ ಶಾಸ್ತ್ರದಲ್ಲಿ ನನಗೆ ಸಿಗದ ಉತ್ತರ ಸಿಕ್ಕಿದ್ದು ‘ಡಾಕ್ಟರ್ ಹೂ’ ಅಭಿಮಾನಿಗಳ ಇತಿಹಾಸದಲ್ಲಿ.

ನಾನು ಆರಂಭದಲ್ಲಿ ಹೇಳಿದ ಕಂತು, ಮುದುಕ ಬಿದ್ದು ಹೊಸಬ ಎದ್ದ ಕಂತು, ಇವತ್ತು ಇಡಿಯಾಗಿ ಉಳಿದಿಲ್ಲ. ಉಂಗುರ ಜಾರಿದ ಕಥೆಯ ಆರು ಕಂತುಗಳ ಫಿಲ್ಮ್‌ ಕೂಡ ಸಿಕ್ಕಿಲ್ಲ. ಬಿಬಿಸಿ ಅವನ್ನು ಅಳಿಸಿಹಾಕಿತು. ಆಗ ವಿಡಿಯೊ ಟೇಪು ದುಬಾರಿ, ಅಳಿಸಿ ಮತ್ತೆ ಬಳಸುವ ವಸ್ತು. ನಟರ ಸಂಘದೊಂದಿಗಿನ ಒಪ್ಪಂದದಿಂದಾಗಿ ಮರುಪ್ರಸಾರಕ್ಕೂ ಮಿತಿಯಿತ್ತು. ಹೊರದೇಶಗಳಿಗೆ ಮಾರಲು ಮಾಡಿದ್ದ 16 ಮಿಲಿಮೀಟರ್ ಫಿಲ್ಮ್‌ ಪ್ರತಿಗಳನ್ನೂ ಹಕ್ಕಿನ ಅವಧಿ ಮುಗಿದ ಮೇಲೆ ಎಸೆದರು. ಹಳೆಯ ಧಾರಾವಾಹಿಯನ್ನು ಜನ ಮತ್ತೆ ನೋಡಬಯಸುತ್ತಾರೆಂದು ಯಾರಿಗೂ ಅನ್ನಿಸಿರಲಿಲ್ಲ. 1978ರಲ್ಲಿ ಈ ನಾಶ ನಿಲ್ಲುವ ಹೊತ್ತಿಗೆ ಮೊದಲ ಆರು ವರ್ಷದ 253 ಕಂತುಗಳಲ್ಲಿ ಬಹಳಷ್ಟು ಹೋಗಿದ್ದವು.

ಆಮೇಲೆ ಹುಡುಕಾಟ ಶುರುವಾಯಿತು. 1983ರಲ್ಲಿ ಲಂಡನ್ನಿನ ಮಾರ್ಮನ್ ಚರ್ಚೊಂದರ ನೆಲಮಾಳಿಗೆಯಲ್ಲಿ ಎರಡು ಕಂತು ಸಿಕ್ಕವು. ಹಾಂಗ್‌ಕಾಂಗ್‌ನಿಂದ ನಾಲ್ಕು ಕಂತಿನ ಇಡೀ ಕಥೆಯೊಂದು ಮರಳಿತು. ಆಸ್ಟ್ರೇಲಿಯದ ಸೆನ್ಸಾರ್‌ನವರು ಮಕ್ಕಳು ಹೆದರುತ್ತಾರೆಂದು ಕತ್ತರಿಸಿ ತೆಗೆದಿಟ್ಟ ತುಣುಕುಗಳು 1996ರಲ್ಲಿ ಅಲ್ಲಿನ ದಫ್ತರಖಾನೆಯಲ್ಲಿ ದೊರೆತವು. ಕಂತು ಹೋಗಿತ್ತು, ಕತ್ತರಿಸಿದ್ದು ಉಳಿದಿತ್ತು. 2013ರಲ್ಲಿ ನೈಜೀರಿಯದ ಜೋಸ್ ಪಟ್ಟಣದಿಂದ ಒಂಬತ್ತು ಕಂತು ಬಂದವು. ಆಗ ಕಾಣೆಯಾದವುಗಳ ಲೆಕ್ಕ 97ಕ್ಕೆ ಇಳಿಯಿತು. ಮುದುಕನ ಮುಖ ಬೆಳಕಾಗಿ ಕರಗುವ ಆ ಕೆಲವು ಕ್ಷಣಗಳು ಉಳಿದದ್ದು, ಅವನ್ನು ಮುಂದೆ ಮಕ್ಕಳ ಕಾರ್ಯಕ್ರಮವೊಂದರಲ್ಲಿ ತೋರಿಸಿದ್ದರಿಂದ.

ಇದಕ್ಕಿಂತ ಅಚ್ಚರಿಯ ಸಂಗತಿ ಇನ್ನೊಂದಿದೆ. ಕಾಣೆಯಾದ ಕಂತುಗಳ ಚಿತ್ರ ಹೋದರೂ ಒಂದೊಂದು ಕಂತಿನ ಧ್ವನಿಯೂ ಉಳಿದಿದೆ. ಉಳಿಸಿದವರು ನೋಡುಗರು, ಅವರಲ್ಲಿ ಕೆಲವರು ಶಾಲೆಗೆ ಹೋಗುತ್ತಿದ್ದ ಹುಡುಗರು. ಮನೆಯಲ್ಲಿ ವಿಡಿಯೊ ಮುದ್ರಿಸುವ ಯಂತ್ರ ಇಲ್ಲದ ಕಾಲ. ಸ್ಪೂಲ್ ಟೇಪ್‌ರೆಕಾರ್ಡರನ್ನು ಟಿವಿಯ ಪಕ್ಕ ಇಟ್ಟು, ಮೈಕನ್ನು ಸ್ಪೀಕರ್‌ಗೆ ಒಡ್ಡಿ, ಮನೆಯವರಿಗೆಲ್ಲ ಮಾತಾಡಬೇಡಿ ಎಂದು ಹೇಳಿ ಅವರು ಮುದ್ರಿಸಿಕೊಂಡರು.

ನಮ್ಮ ಗುಂಪಿನ ನಿವೃತ್ತ ರೈಲ್ವೆ ನೌಕರರು ಅಂಥ ಹುಡುಗರಲ್ಲೊಬ್ಬರು. ಒಂದು ಸಂಜೆ ತಮ್ಮ ಹಳೆಯ ಟೇಪನ್ನು ತಂದು ಹಾಕಿದರು. ಕರಕರ ಸದ್ದು, ಅದರ ಹಿಂದೆ ಡಾಲೆಕ್‌ನ ಲೋಹದ ಕೂಗು. ನಡುವೆ ಬಾಗಿಲು ತೆರೆದ ಸದ್ದಾಗುತ್ತದೆ. ಹೆಂಗಸೊಬ್ಬರು ಚಹಾ ಆರಿಹೋಗುತ್ತಿದೆ ಎನ್ನುತ್ತಾರೆ. ಶ್ ಎಂದು ಹುಡುಗನ ದನಿ. ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಕಾಲೇಜಿನ ಹುಡುಗನೊಬ್ಬ, ಈಗಿನ ಸಾಫ್ಟ್‌ವೇರಿನಲ್ಲಿ ಆ ದನಿಗಳನ್ನು ತೆಗೆದುಹಾಕಬಹುದು ಎಂದ. ಹಿರಿಯರು ತಲೆಯಾಡಿಸಿದರು. “ಅಂದು ಸಂಜೆ ಆ ಕಥೆ ನನಗೆ ಬಂದದ್ದೇ ಹೀಗೆ. ಅಮ್ಮ ಇಲ್ಲದೆ ಅದು ಪೂರ್ತಿಯಾಗುವುದಿಲ್ಲ” ಎಂದರು. ಅವರ ಮುದ್ರಣದಲ್ಲಿ ಟೇಪು ಬದಲಿಸುವಾಗ ಒಂದಿಷ್ಟು ಮಾತು ತಪ್ಪಿಹೋಗಿದೆ. ಒಬ್ಬರಲ್ಲಿ ತಪ್ಪಿದ್ದು ಇನ್ನೊಬ್ಬರಲ್ಲಿ ಇರುತ್ತದೆ. ಹೀಗೆ ಹಲವು ಮನೆಗಳ ಟೇಪುಗಳನ್ನು ಹೋಲಿಸಿ, ಸ್ಪಷ್ಟವಾದ ಭಾಗಗಳನ್ನು ಜೋಡಿಸಿ, ಕಂತುಗಳ ಧ್ವನಿಯನ್ನು ಮತ್ತೆ ಕಟ್ಟಿದ್ದಾರೆ. ಕಥೆಗೆ ಐವತ್ತು ವರ್ಷ ತುಂಬಿದ 2016ರಲ್ಲಿ ಬಿಬಿಸಿ ಆ ಧ್ವನಿಗೆ ಹೊಸದಾಗಿ ಅನಿಮೇಷನ್ ಹೊಂದಿಸಿ ‘ದ ಪವರ್ ಆಫ್ ದ ಡಾಲೆಕ್ಸ್’ ಅನ್ನು ಬಿಡುಗಡೆ ಮಾಡಿತು. ಎಸೆದ ಸಂಸ್ಥೆಯೇ ಮನೆಗಳಲ್ಲಿ ಉಳಿದದ್ದನ್ನು ಕೈಯೊಡ್ಡಿ ತೆಗೆದುಕೊಂಡಿತು.

ಕನ್ನಡ ಓದುವವರಿಗೆ ಈ ಕಥೆ ಹೊಸದಾಗಿ ತೋರಲಾರದು. ಗುಣವರ್ಮನ ಶೂದ್ರಕ, ಹರಿವಂಶಗಳು ನಮಗೆ ಸಿಕ್ಕಿಲ್ಲ. ಮುಂದಿನವರು ಆರಿಸಿ ಎತ್ತಿಟ್ಟ ಪದ್ಯಗಳಿಂದ ಮಾತ್ರ ಗೊತ್ತು. ಪೊನ್ನನ ಭುವನೈಕರಾಮಾಭ್ಯುದಯವೂ ಹೋಯಿತು. ಆದರೆ ಅದೇ ಪೊನ್ನನ ಶಾಂತಿಪುರಾಣ ಉಳಿಯಿತು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಅದರ ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಶಾಸ್ತ್ರದಾನ ಜೈನರಲ್ಲಿ ಅನ್ನದಾನದಷ್ಟೇ ದೊಡ್ಡ ಪುಣ್ಯಕಾರ್ಯ. ಕೃತಿಯ ಆಯುಷ್ಯ ಬರೆದವನ ಪ್ರತಿಭೆಯಷ್ಟನ್ನೇ ನೆಚ್ಚಿಕೊಂಡಿಲ್ಲ, ಪ್ರತಿ ಮಾಡುವವರ ಪ್ರೀತಿಯನ್ನೂ ನೆಚ್ಚಿಕೊಂಡಿದೆ ಎಂಬುದು ಆಕೆಗೆ ತಿಳಿದಿತ್ತು.

ಪಂಪನ ಆದಿಪುರಾಣದಲ್ಲಿ ಒಂದು ಪ್ರಸಂಗವಿದೆ. ಸ್ವರ್ಗದಲ್ಲಿ ಒಂದಾಗಿದ್ದ ಲಲಿತಾಂಗ, ಸ್ವಯಂಪ್ರಭೆಯರು ಭೂಮಿಯಲ್ಲಿ ವಜ್ರಜಂಘ, ಶ್ರೀಮತಿಯರಾಗಿ ಬೇರೆ ಬೇರೆ ಕಡೆ ಹುಟ್ಟುತ್ತಾರೆ. ಶ್ರೀಮತಿಗೆ ಹಿಂದಿನ ಭವದ ನೆನಪು ಬರುತ್ತದೆ. ಅವಳು ಕೊರಗುತ್ತ ಕೂರದೆ ಆ ನೆನಪನ್ನು ಪಟವಾಗಿ ಬರೆಯುತ್ತಾಳೆ. ಅವಳ ದಾದಿ ಪಂಡಿತೆ ಅದನ್ನು ಜಿನಾಲಯಕ್ಕೆ ಒಯ್ದು ಬಂದವರೆಲ್ಲ ನೋಡುವಂತೆ ಇಡುತ್ತಾಳೆ. ವಜ್ರಜಂಘ ಅಲ್ಲಿಗೆ ಬಂದು ಪಟ ನೋಡಿ ತನ್ನ ಹಿಂದಿನ ಬಾಳನ್ನು ಗುರುತಿಸುತ್ತಾನೆ. ಒಬ್ಬಳ ಎದೆಯೊಳಗೇ ಇದ್ದಿದ್ದರೆ ಆ ನೆನಪಿನಿಂದ ಏನೂ ಆಗುತ್ತಿರಲಿಲ್ಲ. ಹತ್ತು ಜನ ಬರುವ ಕಡೆ ಅದನ್ನು ತೂಗುಹಾಕಿದ್ದರಿಂದಲೇ ಅದು ಕೂಡಬೇಕಾದವರನ್ನು ಕೂಡಿಸಿತು. ಅಭಿಮಾನಿಗಳು ಒಟ್ಟು ಸೇರಿ ತಮ್ಮ ಪ್ರೀತಿಯನ್ನು ಹಂಚಿಕೊಳ್ಳುವುದೂ ಇದೇ ಕೆಲಸ ಎಂದು ನನಗೆ ಅನ್ನಿಸುತ್ತದೆ.

1989ರ ಡಿಸೆಂಬರ್‌ನಲ್ಲಿ ಧಾರಾವಾಹಿ ನಿಂತೇ ಹೋಯಿತು. ನಡುವೆ 1996ರ ಆ ಒಂದು ಚಿತ್ರ ಬಿಟ್ಟರೆ 2005ರ ಮಾರ್ಚ್‌ವರೆಗೆ ಟಿವಿಯಲ್ಲಿ ಡಾಕ್ಟರ್‌ನ ಹೊಸ ಕಥೆ ಸರಣಿಯಾಗಿ ಬರಲಿಲ್ಲ. ಆ ವರ್ಷಗಳಲ್ಲಿ ಡಾಕ್ಟರ್ ಎಲ್ಲಿದ್ದ? ಅಭಿಮಾನಿಗಳು ಬರೆದ ಕಾದಂಬರಿಗಳಲ್ಲಿ, 1999ರಿಂದ ಬಿಗ್ ಫಿನಿಶ್ ಸಂಸ್ಥೆ ಹಳೆಯ ನಟರನ್ನೇ ಕರೆದು ಮಾಡಿದ ಧ್ವನಿನಾಟಕಗಳಲ್ಲಿ ಇದ್ದ. ಮತ್ತೆ ಟಿವಿಗೆ ತಂದ ರಸೆಲ್ ಟಿ ಡೇವಿಸ್ ಅಂಥ ಒಂದು ಕಾದಂಬರಿ ಬರೆದಿದ್ದ ಅಭಿಮಾನಿ. 1986ರಲ್ಲಿ ಟಿವಿ ಚರ್ಚೆಯೊಂದರಲ್ಲಿ ಕುಳಿತು ಧಾರಾವಾಹಿಯ ಬರಹಗಾರರ ಮುಖಕ್ಕೇ ಕಥೆ ಚೆನ್ನಾಗಿಲ್ಲ ಎಂದ ಹದಿಹರೆಯದ ಹುಡುಗ ಕ್ರಿಸ್ ಚಿಬ್ನಲ್ 2018ರಲ್ಲಿ ಅದರ ಮುಖ್ಯಸ್ಥರಾದರು. ಹುಡುಗನಾಗಿದ್ದಾಗ ಪತ್ರಿಕೆಗೆ ಡಾಕ್ಟರ್ ಬಗ್ಗೆ ಪತ್ರ ಬರೆದಿದ್ದ ಪೀಟರ್ ಕಪಾಲ್ಡಿ ಮುಂದೆ ಡಾಕ್ಟರೇ ಆದರು. ನಾಗಸೇನನ ಧಾರೆಯಲ್ಲಿ ಒಂದು ಜ್ವಾಲೆ ಇನ್ನೊಂದನ್ನು ಹೊತ್ತಿಸುತ್ತದೆ. ಇಲ್ಲಿ ದೀಪ ಆರಿದ್ದಾಗಲೂ ಬೆಂಕಿ ಬೇರೆಯವರ ಕೈಯಲ್ಲಿತ್ತು.

ಹಾಗಾದರೆ ಅಭಿಮಾನಿಗಳು ಒಪ್ಪಿದರೆ ಅವನು ಡಾಕ್ಟರ್, ಒಪ್ಪದಿದ್ದರೆ ಅಲ್ಲ ಎಂದಾಗುವುದಿಲ್ಲವೇ? ಈ ಆಕ್ಷೇಪವನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. 2017ರ ಜುಲೈನಲ್ಲಿ ಮುಂದಿನ ಡಾಕ್ಟರ್ ಜೋಡಿ ವಿಟೇಕರ್ ಎಂಬ ನಟಿ ಎಂದು ಪ್ರಕಟವಾದಾಗ ಬಹಳ ಜನ ಸಂಭ್ರಮಿಸಿದರು, ಕೆಲವರು ಇದು ನಮ್ಮ ಡಾಕ್ಟರ್ ಅಲ್ಲ ಎಂದು ಎದ್ದು ಹೋದರು. ಅವರಲ್ಲಿ ದಶಕಗಳಿಂದ ಪ್ರೀತಿಸಿದವರೂ ಇದ್ದರು. ಪ್ರೀತಿಸುವವರು ಗುರುತು ಹಿಡಿಯಬಲ್ಲರು ನಿಜ, ಪ್ರೀತಿಸುವವರೇ ಗುರುತು ಹಿಡಿಯಲು ನಿರಾಕರಿಸಲೂಬಲ್ಲರು. ಬೆರಳಿಗೆ ಉಂಗುರ ಸರಿಹೊಂದಲಿಲ್ಲ ಎಂದು ಬೆನ್ ಅನುಮಾನಪಟ್ಟಂತೆ ಅವರೂ ದೇಹವನ್ನೇ ಅಳೆದರು.

ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ನಮ್ಮ ಮನೆಯಲ್ಲೇ. ನನ್ನ ಸೋದರಮಾವ ಸಂನ್ಯಾಸ ತೆಗೆದುಕೊಂಡರು. ಸಂನ್ಯಾಸವೆಂದರೆ ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಂಡು ಹಳೆಯ ಹೆಸರು, ಗೋತ್ರ, ನಂಟು ಎಲ್ಲವನ್ನೂ ಕಳಚುವುದು. ಕೆಲವು ವರ್ಷದ ಮೇಲೆ ಅವರು ಊರಿಗೆ ಬಂದಾಗ ನಮ್ಮ ಮನೆಯಲ್ಲಿ ಭಿಕ್ಷೆ. ತಲೆ ಬೋಳಿಸಿ ಕಾವಿ ಉಟ್ಟವರನ್ನು ಚಿಕ್ಕಮ್ಮಂದಿರು ಸ್ವಾಮಿಗಳೇ ಎಂದು ಕರೆದು ದೂರ ನಿಂತು ನಮಸ್ಕರಿಸಿದರು. ಅಜ್ಜಿ ಮಾತ್ರ ಅಡುಗೆಮನೆ ಬಾಗಿಲಲ್ಲಿ ಸುಮ್ಮನೆ ನಿಂತು ನೋಡುತ್ತಿದ್ದರು. ಎಲೆಗೆ ಎಲ್ಲ ಬಡಿಸಿಯಾಯಿತು. ಸ್ವಾಮಿಗಳು ಅಂಗೈಗೆ ನೀರು ತೆಗೆದುಕೊಳ್ಳುವ ಮೊದಲು ತಲೆಯೆತ್ತಿ, “ಕಾರು ಓಡಿಸಿಕೊಂಡು ಬಂದ ಹುಡುಗನಿಗೆ ಬಡಿಸಿದ್ದೀರಾ?” ಎಂದು ಕೇಳಿದರು. ಚಿಕ್ಕಂದಿನಲ್ಲಿ ಗದ್ದೆಯಿಂದ ಬಂದವರಿಗೆ ಊಟ ಹಾಕುವವರೆಗೆ ತಟ್ಟೆ ಮುಟ್ಟುತ್ತಿರಲಿಲ್ಲವಂತೆ ಆ ಹುಡುಗ. ಅಜ್ಜಿ ಅಮ್ಮನ ಕಡೆ ತಿರುಗಿ, “ಅವನೇ ಕಣೇ ಇವನು” ಎಂದರು. ಹೆಸರು, ವೇಷ, ಕುಲ ಯಾವುದೂ ಅಲ್ಲಿರಲಿಲ್ಲ. ಸಂನ್ಯಾಸಿಗೆ ಹೆತ್ತ ತಂದೆಯೂ ನಮಸ್ಕರಿಸಬೇಕು, ಹೆತ್ತ ತಾಯಿಗೆ ಮಾತ್ರ ಸಂನ್ಯಾಸಿಯೇ ನಮಸ್ಕರಿಸಬೇಕು ಎಂಬ ಕಟ್ಟಳೆ ನಮ್ಮಲ್ಲಿದೆ. ಎಲ್ಲ ಕಳಚಿದ ಮೇಲೂ ಗುರುತಿಸುವ ಒಬ್ಬರನ್ನು ನಮ್ಮ ಹಿರಿಯರು ಉಳಿಸಿಕೊಂಡಿದ್ದಾರೆ.

ಅಜ್ಜಿ ಗುರುತಿಸಿದ್ದು ನಡೆಯನ್ನು. ಸಮಂತಭದ್ರರ ಚಿನ್ನ ಅದೇ. ‘ಡಾಕ್ಟರ್ ಹೂ’ ಧಾರಾವಾಹಿಯೂ ಐವತ್ತು ವರ್ಷ ತುಂಬಿದಾಗ ಇದನ್ನೇ ಬಿಚ್ಚಿ ಹೇಳಿತು. 2013ರ ನವೆಂಬರ್ 23ರಂದು 94 ದೇಶಗಳಲ್ಲಿ ಏಕಕಾಲಕ್ಕೆ ಪ್ರಸಾರವಾದ ‘ದ ಡೇ ಆಫ್ ದ ಡಾಕ್ಟರ್’ ಕಥೆಯಲ್ಲಿ ಜಾನ್ ಹರ್ಟ್ ಮಾಡಿದ ಪಾತ್ರಕ್ಕೆ ಡಾಕ್ಟರ್‌ನ ನೆನಪೆಲ್ಲ ಇದೆ, ಧಾರೆಯೂ ಅದೇ. ಆದರೂ ಅವನು ತನ್ನನ್ನು ಡಾಕ್ಟರ್ ಎಂದು ಕರೆದುಕೊಳ್ಳುವುದಿಲ್ಲ, ಏಕೆಂದರೆ ಯುದ್ಧದಲ್ಲಿ ಆ ಹೆಸರಿಗೆ ಸಲ್ಲದ ಕೆಲಸಕ್ಕೆ ಇಳಿದಿದ್ದಾನೆ. ಕ್ರೌರ್ಯಕ್ಕೂ ಹೇಡಿತನಕ್ಕೂ ಇಳಿಯುವುದಿಲ್ಲ ಎಂದು ಕೊಟ್ಟ ಮಾತೇ ಆ ಹೆಸರು. ಮಾತಿಗೆ ನಡೆದುಕೊಂಡಾಗ ಅವನು ಡಾಕ್ಟರ್, ಗಂಡಾಗಲಿ ಹೆಣ್ಣಾಗಲಿ. ಗುರುತಿಸುವವರ ಮೇಲೆ ಇದೊಂದು ಕಟ್ಟುಪಾಡು. ನನ್ನಿಷ್ಟದಂತೆ ಯಾರನ್ನೋ ಅವನೆನ್ನಲು, ಅಲ್ಲವೆನ್ನಲು ನನಗೆ ಅಧಿಕಾರವಿಲ್ಲ. ನಾನು ಉಂಗುರ ನೋಡುವುದನ್ನು ಬಿಟ್ಟು ನಡೆಯನ್ನು ನೋಡಬೇಕು. ಬೌದ್ಧರು ಎಚ್ಚರಿಸಿದ ಭ್ರಮೆ ಹುಟ್ಟುವುದು ಹೊರಗಿನ ಹೋಲಿಕೆಯನ್ನು ನಂಬಿದಾಗ. ನಡೆಯನ್ನು ನೋಡಲು ಹೊತ್ತು ಬೇಕು, ಹಲವು ಕಣ್ಣು ಬೇಕು. ಆದ್ದರಿಂದಲೇ ಒಬ್ಬರೇ ಕುಳಿತು ನೋಡುವುದಕ್ಕಿಂತ ಕೂಡಿ ನೋಡಿ ಮಾತಾಡುವುದು ದೊಡ್ಡದು. ನಮ್ಮ ಗುಂಪಿನಲ್ಲಿ ವಿಟೇಕರ್ ಅವರನ್ನು ಮೊದಲು ಒಪ್ಪದಿದ್ದ ಬಸ್ ಚಾಲಕರನ್ನು ಯಾರೂ ಹೊರಗೆ ಹಾಕಲಿಲ್ಲ, ಗದರಿಸಲೂ ಇಲ್ಲ. ಪ್ರತಿ ಸಲ ಅವರ ಕುರ್ಚಿ ಹಾಕಿಟ್ಟರು.

ಅವರ ಮನಸ್ಸು ಕರಗಿಸಿದ್ದು ನಮ್ಮ ನಾಡಿನ ಕಥೆ. 2018ರ ನವೆಂಬರ್ 11ರಂದು ಪ್ರಸಾರವಾದ ‘ಡೀಮನ್ಸ್ ಆಫ್ ದ ಪಂಜಾಬ್’ ಬರೆದವರು ವಿನಯ್ ಪಟೇಲ್. ಡಾಕ್ಟರ್‌ಳ ಜೊತೆಗಾತಿ ಯಾಸ್‌ಳ ಅಜ್ಜಿ ಉಂಬ್ರೀನ್ 1947ರ ಆಗಸ್ಟ್‌ನಲ್ಲಿ ಪ್ರೇಮ್ ಎಂಬ ಹಿಂದೂವನ್ನು ಮದುವೆಯಾಗುತ್ತಾಳೆ. ಹೊಸ ಗಡಿ ಅವರ ಹೊಲದ ನಡುವೆಯೇ ಬೀಳುತ್ತದೆ. ಪ್ರೇಮ್‌ನ ಸಾವಿಗೆ ಅವನ ಸ್ವಂತ ತಮ್ಮನೇ ಕಾರಣನಾಗುತ್ತಾನೆ. ಅಲ್ಲಿ ಸುಳಿದಾಡುವ ಭಯಂಕರ ರೂಪದ ಅನ್ಯಗ್ರಹದವರು ಕೊಲೆಗಡುಕರೆಂದು ಡಾಕ್ಟರ್ ಮೊದಲು ತಿಳಿಯುತ್ತಾಳೆ. ಒಂದು ಕಾಲದಲ್ಲಿ ಅವರು ಹಾಗೆಯೇ ಇದ್ದವರು. ತಮ್ಮ ಲೋಕವೆಲ್ಲ ನಾಶವಾದ ಮೇಲೆ ಬೇರೆ ವ್ರತ ತೊಟ್ಟಿದ್ದಾರೆ: ಯಾರೂ ಇಲ್ಲದೆ ಸಾಯುವವರ ಬಳಿ ನಿಂತು, ಅವರನ್ನು ನೋಡಿ, ನೆನಪಿಟ್ಟುಕೊಳ್ಳುವುದು. ನಡೆದುಹೋದ ಇತಿಹಾಸವನ್ನು ಡಾಕ್ಟರ್ ತಡೆಯುವಂತಿಲ್ಲ. ಆ ಅನ್ಯಗ್ರಹದವರು ನಿಂತು ನೋಡುತ್ತಾರೆ. ದೇಶವಿಭಜನೆಯ ಸಾವುಗಳ ಮುಂದೆ ಟಿವಿ ಟೇಪುಗಳ ನಷ್ಟ ಏನೇನೂ ಅಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ನಾನು ತೂಗುತ್ತಿಲ್ಲ. ಆದರೆ ಆ ಕಂತು ಒಂದು ಸತ್ಯ ಹೇಳುತ್ತದೆ. ಕೊಲ್ಲುವವರು ಸಾಕ್ಷಿಗಳಾಗಿ ಬದಲಾಗಬಲ್ಲರು, ಅವರ ಬದಲಾದ ನಡೆಯನ್ನು ನಾವು ಗುರುತಿಸಬೇಕು. ಅಂದು ಬಸ್ ಚಾಲಕರು ಟಿವಿ ಆರಿಸಿದ ಮೇಲೆ ಹೇಳಿದ್ದು ಒಂದೇ ಮಾತು: “ಇವಳು ಡಾಕ್ಟರೇ.”

ಆತ್ಮ ಉಂಟೋ ಇಲ್ಲವೋ ಎಂಬ ವಾದ ನಾಗಸೇನ, ಉದಯನರ ನಂತರವೂ ಮುಗಿದಿಲ್ಲ. ಮುಗಿಸುವ ಶಕ್ತಿ ನನಗಿಲ್ಲ, ಅದು ಮುಗಿಯಬೇಕೆಂಬ ಆತುರವೂ ಇಲ್ಲ. ನಮ್ಮೊಳಗೆ ಬದಲಾಗದ ಆತ್ಮವೊಂದಿದ್ದರೆ, ಅದು ಇನ್ನೊಬ್ಬರ ಕಣ್ಣಿಗೆ ಬೀಳುವುದು ನಡೆಯ ಮೂಲಕವೇ. ಬರೀ ಧಾರೆ ಇದ್ದರೆ, ಅದಕ್ಕೆ ಒಂದು ಹೆಸರು ನಿಲ್ಲುವುದು ಯಾರೋ ಅದನ್ನು ಗಮನಿಸಿ ಹಿಡಿದುಕೊಂಡಿರುವುದರಿಂದಲೇ. ಯಾವ ಪಕ್ಷ ಗೆದ್ದರೂ ಗುರುತಿಸುವವರ ಹೊಣೆ ತಪ್ಪುವುದಿಲ್ಲ.

ಅಭಿಮಾನಿಗಳಲ್ಲಿ ಒಂದು ಒಳ್ಳೆಯ ರೂಢಿಯಿದೆ. ಹೊಸ ಡಾಕ್ಟರ್ ಬಂದಾಗ ಮೊದಲ ಕಥೆಯಲ್ಲೇ ತೀರ್ಪು ಕೊಡಬೇಡ ಎನ್ನುತ್ತಾರೆ. ಹೊಸಬ ಎಡವಲಿ, ಬಟ್ಟೆ ಆರಿಸಿಕೊಳ್ಳಲಿ, ದನಿ ಕಂಡುಕೊಳ್ಳಲಿ, ಅಲ್ಲಿಯವರೆಗೆ ಜೊತೆಗಿರು ಎನ್ನುತ್ತಾರೆ. ನಮ್ಮ ಸುತ್ತ ಬದಲಾದವರು ಎಷ್ಟು ಜನ! ಜೈಲಿನಿಂದ ಮರಳಿದವರು, ಮತ ಬದಲಿಸಿದವರು, ಲಕ್ವ ಹೊಡೆದು ಮಾತು ತೊದಲುವವರು, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು. ಅವರನ್ನು ಕಂಡ ಕೂಡಲೇ ಇವರು ಮೊದಲಿನವರಲ್ಲ ಎಂದು ಮುಖ ತಿರುಗಿಸುವುದು ಸುಲಭ. ಕಾಲ್ಪನಿಕ ವ್ಯಕ್ತಿಯೊಬ್ಬನಿಗೆ ಇಷ್ಟು ವರ್ಷ ಇಷ್ಟು ಜನ ಕೂಡಿ ತಾಳ್ಮೆಯಿಂದ ಕೊಟ್ಟ ಅವಕಾಶವನ್ನು ಇವರಿಗೂ ಕೊಡುವುದು ಧರ್ಮ. ಮೊದಲ ಕಥೆ ಮುಗಿಯುವವರೆಗೆ ಕಾಯೋಣ, ಅವರ ನಡೆಯನ್ನು ನೋಡೋಣ, ಗುರುತು ಸಿಕ್ಕಿದಾಗ ಅವರಿಗೆ ಕೇಳುವಂತೆ ಬಾಯಿಬಿಟ್ಟು ಹೇಳೋಣ.